ಕಾವಲಿಗೆ ಹಚ್ಚಿದ ಕುಂಕುಮ

ನಮ್ಮ ನುಂಗಂಬಾಕ್ಕಂ ಹೋಟೆಲಿಗೆ ಮಗ ಪ್ಯಾರೀಸ್ ಕಾರ್ನರ್ ಪೇಟೆಯಿಂದ ಹೊಸ ದೋಸೆ ಕಾವಲಿ ತಂದ. ಎರಕದ ಕಬ್ಬಿಣ, ಎರಡು ಬೆರಳು ದಪ್ಪ, ಇಬ್ಬರು ಹೊರಬೇಕು.

ನಾನು ಓದಿದ್ದು ಮೂರನೇ ಕ್ಲಾಸು. ಕಾವಲಿ ಪರೀಕ್ಷಿಸಲು ಅಷ್ಟೂ ಬೇಡ. ಲಟ್ಟಣಿಗೆಯ ಒಂದು ತುದಿಯನ್ನು ಅಂಚಿಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಕೊಟ್ಟು, ಆಚೆ ನಾಣ್ಯದಿಂದ ತಟ್ಟುವುದು. ದನಿ ಅಂಚು ಹಿಡಿದು ಓಡಿ ಬರಬೇಕು. ಈ ಕಾವಲಿಯಲ್ಲಿ ಬಲಮೂಲೆಯ ಹತ್ತಿರ ದನಿ ಸತ್ತುಹೋಗುತ್ತಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಗುರುತಿರಲಿ ಎಂದು ದೇವರ ಗೂಡಿನಲ್ಲಿ ಕೈಗೆ ಸಿಕ್ಕಿದ ಕುಂಕುಮ ಹಚ್ಚಿದೆ.

ಮಗ ಫೋನಿನಲ್ಲಿದ್ದ. “ಇದರಲ್ಲಿ ಒಡಕು ಉಂಟು, ವಾಪಸ್ ಕೊಡು” ಎಂದೆ. ಕೈ ಆಡಿಸಿ, “ಆಯ್ತಮ್ಮ” ಎಂದ.

ಮರುದಿನ ಬೆಳಿಗ್ಗೆ ನೋಡಿದರೆ ಕಾವಲಿ ಒಲೆಯ ಮೇಲಿದೆ. ಕುಂಕುಮದ ಪಕ್ಕ ಮಲ್ಲಿಗೆ ಬಾಡುತ್ತಿದೆ.

“ಯಾರು ಏರಿಸಿದ್ದು ಇದನ್ನು?”

“ನೀವೇ ಪೂಜೆ ಮಾಡಿ ಕುಂಕುಮ ಇಟ್ಟಿದ್ದಲ್ವಾ ಅಮ್ಮ?” ಎಂದ ಮಗ.

“ಎಂಥ ಪೂಜೆ ಮಾರಾಯ? ಒಡಕಿನ ಗುರುತು ಅದು. ಇಳಿಸು.”

“ಸ್ವಲ್ಪ ಸುಮ್ಮನಿರಿ. ಕಸ್ಟಮರ್ ಕೂತಿದ್ದಾರೆ.”

ನಾನು ಗ್ಯಾಸ್ ಆರಿಸಲು ಕೈ ಚಾಚುವಷ್ಟರಲ್ಲಿ ದೋಸೆ ಹುಯ್ಯುವ ಭಟ್ಟರು ಎಂದಿನಂತೆ ಕಾದ ಕಾವಲಿಗೆ ನೀರು ಚಿಮುಕಿಸಿದರು. ಸೀಳು ಕುಂಕುಮದಿಂದಲೇ ಹೊರಟಿತು. ಒಂದು ಹೋಳು ಜಾರಿ ಅವರ ಪಾದದ ಮೇಲೆ ಬಿತ್ತು. ಎರಡು ಬೆರಳು ಹೋದವು. ಇಪ್ಪತ್ತು ವರ್ಷ ನಮ್ಮ ಒಲೆಯ ಮುಂದೆ ನಿಂತ ಮನುಷ್ಯ.

ಸಂಜೆ ಎಂಜಿನಿಯರಿಂಗ್ ಓದುವ ಮೊಮ್ಮಗಳು ಅರ್ಧ ತಮಿಳಿನಲ್ಲಿ ಪಾಠ ಮಾಡಿದಳು. “ಅಜ್ಜಿ, ತಟ್ಟಿದಾಗ ಓಡೋ ಆ ದನಿ ಸರ್ಫೇಸ್ ವೇವ್. ದಪ್ಪ ಕಬ್ಬಿಣದ ಒಳಗೆ ಆಳಕ್ಕೆ ಪೋಗಾದು, ಹೋಗಲ್ಲ. ಮೇಲ್ಮೈಯಲ್ಲೇ, ಅಂಚಲ್ಲೇ ಓಡತ್ತೆ. ಕ್ರ್ಯಾಕ್ ಸಿಕ್ಕಿದ್ರೆ ರಿಟರ್ನ್. ಅದನ್ನ ಹಿಡಿಯೋಕೆ ನಮ್ಮ ಲ್ಯಾಬಲ್ಲಿ ಮಿಷಿನೇ ಇದೆ.”

ಮಗ ಬಾಯಿ ಬಿಟ್ಟುಕೊಂಡು ಕೇಳಿ, ನನ್ನ ಕಡೆ ತಿರುಗಿದ. “ಹೌದಾ? ಮೊದಲೇ ಹೇಳಬಾರದಿತ್ತಾ?”

“ಹೇಳಿದ್ದೆ ನಾನು. ಮಿಷಿನ್ ಹೇಳಿದರೆ ಮಾತ್ರವಾ ನಿನ್ನ ಕಿವಿ ಕೇಳುವುದು?”

ಅವನು ತಲೆ ತಗ್ಗಿಸಿದ. ತಗ್ಗಿಸಿದರೆ ಬೆರಳು ಬರುತ್ತದಾ?

ಮೊನ್ನೆ ಇನ್ನೊಂದು ಕಾವಲಿ ಬಂತು. “ತಟ್ಟಿ ನೋಡಿ ಅಮ್ಮ” ಎಂದು ಲಟ್ಟಣಿಗೆಯ ಜೊತೆ ಕುಂಕುಮದ ಭರಣಿಯನ್ನೂ ತಂದಿಟ್ಟ. ಭಟ್ಟರು ಕಟ್ಟು ಹಾಕಿದ ಕಾಲು ಚಾಚಿ, ಈರುಳ್ಳಿ ಸುಲಿಯುತ್ತಾ ನೋಡುತ್ತಿದ್ದರು. ನಾನು ಭರಣಿಯನ್ನು ಅವನ ಕೈಗೇ ವಾಪಸ್ ಕೊಟ್ಟು, ಒಂದು ಚೂರು ಇದ್ದಿಲು ತೆಗೆದುಕೊಂಡೆ. ಇದ್ದಿಲ ಗೀಟಿಗೆ ಯಾರೂ ಕೈ ಮುಗಿಯುವುದಿಲ್ಲ.