ಅಟ್ಟದಲ್ಲಿ ಕಾಯಿ, ಪಕ್ಕದಲ್ಲಿ ನನ್ನ ಪುಸ್ತಕ

ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದೆ. ಬಾಗಿಲ ಹತ್ತಿರ ಬೆಳಕು ಬೀಳುವಲ್ಲಿ ಚಾಪೆ ಹಾಕಿಕೊಂಡು, ಕೊಬ್ಬರಿ ಗಿಟುಕಿನ ಕಂದು ಸಿಪ್ಪೆಯನ್ನೆಲ್ಲ ಹೆರೆದು ತೆಗೆದು, ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸುವ ಕೆಲಸ. ನಮ್ಮ ಕಡೆ ಎಳ್ಳು ಬೀರಲು ಬಂದವಳ ಕೈಗೆಲಸವನ್ನು ಎಳ್ಳಿನಲ್ಲಿ ಯಾರೂ ನೋಡುವುದಿಲ್ಲ. ಕೊಬ್ಬರಿಯ ಚೂರು ಎಷ್ಟು ಸಣ್ಣಗಿದೆ, ಎಷ್ಟು ಬೆಳ್ಳಗಿದೆ ಎಂದು ನೋಡುತ್ತಾರೆ.

ಆಗ ನಮ್ಮ ಯಜಮಾನರು ತಿಪಟೂರಿನಲ್ಲಿ ಕೊಬ್ಬರಿ ಮಾರಿ ಮನೆಗೆ ಬಂದರು. ಕಾಲು ತೊಳೆದು, ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೇಳಿದರು.

"ಕೇಳ್ದೇನೇ? ತಮ್ಮನ ಹೆಂಡ್ತಿ ಕಾದಂಬರಿ ಎರಡ್ನೇ ಸಲ ಅಚ್ಚಾಗ್ತಾ ಐತಂತೆ. ಇದ್ದಬದ್ದ ಪುಸ್ತಕ ಎಲ್ಲಾ ಖರ್ಚಾಗೋಯ್ತಂತೆ."

"ಸಂತೋಷ ಬುಡಿ" ಎಂದೆ.

ನನ್ನ ಬಾಯಿ ಸಂತೋಷಪಟ್ಟಿತು, ಅಡಕತ್ತರಿ ಪಡಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅತ್ತೆ ಬಂದು ಮೊರದಿಂದ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದರು.

"ಇದೇನೇ ಇದು? ಎಳ್ಳು ಬೀರಾಕೋ, ಎಮ್ಮೆಗೆ ಹಾಕಾಕೋ?"

ಯಜಮಾನರ ಮಾತು ಇನ್ನೂ ಮುಗಿದಿರಲಿಲ್ಲ. "ಹಬ್ಬ ಕಳೆದ ಮೇಲೆ ಹೊಸ ಕಾಯಿ ಅಟ್ಟಕ್ಕೇರಿಸ್ಬೇಕು. ಈ ಸಲ ಜಾಗ ಸಾಲಾಕಿಲ್ಲ. ನಿನ್ನ ಪುಸ್ತಕದ ಕಟ್ಟುಗಳನ್ನ ಏನ್ ಮಾಡಾಣ? ದಬ್ಬೇಘಟ್ಟದ ಅಂಗಡಿಯೋನು ಪೊಟ್ಟಣ ಕಟ್ಟಾಕೆ ತಗಂತೀನಿ ಅಂದವ್ನೆ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಪುಸ್ತಕವನ್ನು ಅಚ್ಚು ಹಾಕಿಸಿದವರೂ ಅವರೇ. ಆದರೂ ಒಂದೇ ಉಸಿರಿನಲ್ಲಿ ಅವಳದು ಮರುಮುದ್ರಣ, ನನ್ನದು ಕಡಲೆಬೇಳೆಯ ಪೊಟ್ಟಣ ಎಂದು ಕೇಳಬೇಕಾಗಿ ಬಂದಾಗ ಯಾವ ಹೆಂಗಸಿಗೆ ಹೊಟ್ಟೆ ಉರಿಯುವುದಿಲ್ಲ?

ಅಡುಗೆ ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಬರೆದ ಕಥೆಗಳು ಅವು. ಅತ್ತೆ, ಸೊಸೆ, ಬಾವಿಕಟ್ಟೆ, ಬಾಣಂತನ ಬಿಟ್ಟರೆ ಅದರಲ್ಲಿ ಬೇರೇನಿಲ್ಲ. ಕಾಯಿಗೆ ಒಳ್ಳೆಯ ಬೆಲೆ ಬಂದ ವರ್ಷ ಯಜಮಾನರು ತಿಪಟೂರಿನ ಪ್ರೆಸ್ಸಿಗೆ ಕೊಟ್ಟುಬಂದರು. ಬರೆದವರ ಹೆಸರಿನ ಜಾಗದಲ್ಲಿ 'ಒಬ್ಬ ಗೃಹಿಣಿ' ಎಂದಷ್ಟೇ ಹಾಕಿಸಿದೆ. ಊರಿನ ಹೆಸರೂ ಬೇಡವೆಂದೆ. ಬರೆಸಿದವನು ಶಿವ, ಅದರಲ್ಲಿ ನನ್ನದೇನಿದೆ ಎಂಬ ಭಾವನೆ. ಒಳ್ಳೆಯದಾಗಿದ್ದರೆ ಓದುವವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಎಂದೂ ಎಣಿಸಿದ್ದೆ. ಮೊದಲ ಪ್ರತಿಗೆ ವಿಭೂತಿ ಹಚ್ಚಿ ದೇವರ ಮನೆಯಲ್ಲಿಟ್ಟೆ. ಉಳಿದವು ಅಟ್ಟಕ್ಕೆ ಹೋದವು.

ನಮ್ಮ ಸೀಮೆಯ ಅಟ್ಟದಲ್ಲಿ ತೆಂಗಿನಕಾಯಿ ಸಿಪ್ಪೆಯ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಕೂತಿರುತ್ತದೆ. ಕೆಳಗಿನ ಒಲೆಯ ಶಾಖಕ್ಕೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಅನ್ನುತ್ತದೆ. ಆಗ ಅದು ಕೊಬ್ಬರಿ, ಆಗ ಅದಕ್ಕೆ ಬೆಲೆ. ನನ್ನ ಪುಸ್ತಕವೂ ಅದರ ಪಕ್ಕದಲ್ಲೇ ಕೂತು ಅದೇ ಹೊಗೆ ಕುಡಿಯಿತು. ಕಾಯಿ ಪ್ರತಿ ವರ್ಷ ಕೆಳಗಿಳಿದು ಪೇಟೆಗೆ ಹೋಗುತ್ತಿತ್ತು, ಪುಸ್ತಕ ಇಳಿಯಲಿಲ್ಲ. ಇಲಿ ಮುಟ್ಟಲಿಲ್ಲ, ಗೆದ್ದಲು ಹತ್ತಲಿಲ್ಲ, ಅದು ಶಿವನ ದಯೆ. ಜನ ಕೂಡ ಮುಟ್ಟಲಿಲ್ಲವಲ್ಲ, ಅದನ್ನು ಯಾರ ಲೆಕ್ಕಕ್ಕೆ ಹಾಕಲಿ?

ನನ್ನ ವಾರಗಿತ್ತಿ ಹೀಗಲ್ಲ. ಮೈದುನನಿಗೆ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ, ಅವರ ಸಂಸಾರ ಅಲ್ಲೇ. ಅವಳ ಕಾದಂಬರಿ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಆಮೇಲೆ ಪುಸ್ತಕವಾಯಿತು. ಹಿಂದಿನ ರಟ್ಟಿನ ಮೇಲೆ ಅವಳ ಫೋಟೋ, ಅದರ ಕೆಳಗೆ ಮನೆ ವಿಳಾಸ. 'ಗಂಡಿನ ಕಡೆಯೋರಿಗೆ ಕಳಿಸಿದ ಫೋಟೋ ಇದ್ದಂಗೈತೆ' ಎಂದು ನಾನೇ ನಕ್ಕಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ಅದೇ ಫೋಟೋವನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ. ಬಸ್ಸಿನಲ್ಲಿ ಕೂತರೆ ಹೆಸರು ಎದುರಿನವರಿಗೆ ಕಾಣುವ ಹಾಗೆ ಪುಸ್ತಕ ಹಿಡಿಯುತ್ತಿದ್ದಳು. ದಿನದ ಬಾಡಿಗೆಗೆ ಕಾದಂಬರಿ ಕೊಡುವ ಲೈಬ್ರರಿಗೆ ತಾನೇ ಹೋಗಿ ಪ್ರತಿ ಕೊಟ್ಟು ಬರುತ್ತಿದ್ದಳು. ಓದಿದವರು ಒಂದು ಕಾರ್ಡು ಬರೆದರೆ ಸಾಕು, ಉತ್ತರ ಬರೆಯದೆ ಬಿಡುತ್ತಿರಲಿಲ್ಲ. ಮಹಿಳಾ ಸಮಾಜದವರು ಕರೆದರೆ ಹಾಲು ಒಲೆಯ ಮೇಲಿದ್ದರೂ ಇಳಿಸಿಟ್ಟು ಹೊರಡುತ್ತಿದ್ದಳು.

ಅವಳ ಧಾರಾವಾಹಿ ಇನ್ನೂ ಬರುತ್ತಿದ್ದ ದಿನಗಳಲ್ಲಿ ತಿಪಟೂರಿನ ಛತ್ರದಲ್ಲಿ ನಮ್ಮ ನೆಂಟರದೊಂದು ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ಕೋಸಂಬರಿ ಬಡಿಸುವ ಕೆಲಸ ನನ್ನದು. ಅವಳು ಕೂತಿದ್ದ ಕಡೆ ಎಲೆ ಹಾಕಿಸಿಕೊಳ್ಳಲು ಹೆಂಗಸರು ಜಾಗಕ್ಕೆ ಗುದ್ದಾಡುತ್ತಿದ್ದರು.

"ಆ ಹುಡುಗೀನ ಗಂಡ ಮನೆಗೆ ಸೇರಿಸ್ಕಂತಾನೋ ಇಲ್ವೋ, ಅದೊಂದು ಹೇಳ್ಬುಡ್ರಿ! ನಂಗೆ ಊಟ ಸೇರ್ತಾ ಇಲ್ಲ" ಎಂದು ಒಬ್ಬಾಕೆ ಅಂಗಲಾಚಿದಳು.

"ಮುಂದಿನ ವಾರ ಓದಿ ಕಣ್ರೀ. ಈಗ್ಲೇ ಹೇಳ್ಬುಟ್ರೆ ಪತ್ರಿಕೆಯೋರು ಅವಳ ಬದ್ಲು ನನ್ನೇ ಆಚೆ ಹಾಕ್ತಾರೆ!" ಎಂದಳು ವಾರಗಿತ್ತಿ.

ಎಲ್ಲರೂ ನಕ್ಕರು. ಊಟ ಸೇರದ ಆ ಹೆಂಗಸು ನನ್ನ ಕಡೆ ತಿರುಗಿ, "ಅಮ್ಮಾ, ಈ ಎಲೆಗೆ ಇನ್ನಷ್ಟು ಕೋಸಂಬರಿ" ಎಂದಳು.

ಬಡಿಸಿದೆ. ಕೋಸಂಬರಿಗೆ ಉಪ್ಪು ಹದವಾಗಿತ್ತು ಎಂದು ನಾಲ್ಕು ಜನ ಹೇಳಿದರು. ಅದೂ ಒಂದು ಎಂದು ಮನಸ್ಸಿನಲ್ಲಿ ಶಿವನಿಗೆ ಕೈಮುಗಿದೆ. ಆದರೆ ಮನೆ ಮುಟ್ಟುವವರೆಗೂ ಆ ನಗು ಕಿವಿಯಲ್ಲಿತ್ತು.

ಆ ವರ್ಷದ ಗೌರಿ ಹಬ್ಬಕ್ಕೆ ನನಗೊಂದು ದಾರಿ ಹೊಳೆಯಿತು. ಮಾರುವುದಕ್ಕೆ ನಾಚಿಕೆ ಸರಿ, ಕೊಡುವುದಕ್ಕೇನು? ಮನೆಗೆ ಬಂದ ಮುತ್ತೈದೆಯರಿಗೆಲ್ಲ ತಾಂಬೂಲದಲ್ಲಿ ಕಾಯಿ, ರವಿಕೆ ಕಣ, ಅದರ ಕೆಳಗೆ ನನ್ನದೊಂದು ಪುಸ್ತಕ ಇಟ್ಟು ಕೊಟ್ಟೆ. ಮಡಿಲು ತುಂಬಿಕೊಂಡು ಹೋದರು. ಓದಿದೆ ಎಂದು ಒಬ್ಬರೂ ಹೇಳಲಿಲ್ಲ. ನಾನೂ ಬಾಯಿಬಿಟ್ಟು ಕೇಳಲಿಲ್ಲ.

ಮುಂದಿನ ವರ್ಷ ಕಂದಿಕೆರೆಯಲ್ಲಿ ಒಂದು ಸೀಮಂತಕ್ಕೆ ಹೋಗಿದ್ದೆ. ಹೊರಡುವಾಗ ಮನೆಯಾಕೆ ಕುಂಕುಮವಿಟ್ಟು ತಾಂಬೂಲ ಕೊಟ್ಟಳು. ಕಾಯಿ, ಹಸಿರು ರವಿಕೆ ಕಣ, ಅದರ ಕೆಳಗೆ ನನ್ನದೇ ಪುಸ್ತಕ.

"ಚೆನ್ನಾಗೈತಂತೆ ಕಣಕ್ಕ, ಓದಿ" ಎಂದಳು.

ತಾಂಬೂಲದ ರವಿಕೆ ಕಣವನ್ನು ಹೊಲಿಸಿಕೊಳ್ಳುವವರು ಕಡಿಮೆ. ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಮನೆಯವರಿಗೆ ದಾಟಿಸುತ್ತಾರೆ. ನಾನೂ ದಾಟಿಸಿದ್ದೇನೆ. ನನ್ನ ಪುಸ್ತಕ ಆ ಕಣಗಳ ಜೊತೆ ಸೇರಿ, ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ಹೋಗಿ ನನ್ನ ಮಡಿಲಿಗೇ ಬಂದು ಬಿದ್ದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ, ಪುಸ್ತಕದ ಹೆಸರು ಯಾರಿಗೂ ಕಾಣದಂತೆ ಮಗುಚಿ.

ಮಾರನೆಯ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಮಂತ್ರಕ್ಕಿಂತ ಮೊದಲು ದೂರೇ ಬಂತು. ಅವಳಿಗೆ ಕೊಟ್ಟೆ, ಕೊಡು. ನನಗೆ ಕೊಡದಿದ್ದರೂ ಹೋಗಲಿ. ಅವಳಿಗೆ ಕೊಟ್ಟಿದ್ದನ್ನು ನನ್ನ ಕಣ್ಣೆದುರಿಗೇ ಯಾಕೆ ಕೊಡುತ್ತೀಯ ತಂದೆ?

ಇಷ್ಟೆಲ್ಲ ಒಳಗಿದ್ದ ಹೊತ್ತಿನಲ್ಲೇ ಆ ಮರುಮುದ್ರಣದ ಸುದ್ದಿ ಬಂದದ್ದು. ಹಬ್ಬ ಹತ್ತಿರವಾದಾಗ ವಾರಗಿತ್ತಿಯೇ ಬಂದಳು. ಅವಳ ಮನೆಯ ಎಳ್ಳಿಗೂ ನಮ್ಮ ಅಟ್ಟದ ಕೊಬ್ಬರಿಯೇ ಹೋಗಬೇಕು, ಅದು ಅತ್ತೆ ಮಾಡಿದ ಪದ್ಧತಿ. ಬಂದವಳೇ ಹೊಸ ಮುದ್ರಣದ ಪ್ರತಿಯೊಂದನ್ನು ನನ್ನ ಕೈಗಿಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಅಷ್ಟು ಹೊತ್ತಿಗೆ ಯಜಮಾನರು ನನ್ನ ಪುಸ್ತಕದ ಕಟ್ಟುಗಳನ್ನು ಅಟ್ಟದಿಂದಿಳಿಸಿ ಜಗುಲಿಗೆ ತಂದಿಟ್ಟಿದ್ದರು.

"ಇವೇನಕ್ಕ?"

"ಅಂಗಡಿಗೆ ಹೋಗೋವು."

ಅವಳು ಹುರಿ ಬಿಚ್ಚಿ ಒಂದನ್ನೆತ್ತಿಕೊಂಡು ಆ ಕಟ್ಟಿನ ಮೇಲೆಯೇ ಕೂತು ಓದತೊಡಗಿದಳು. ನಾನು ಬೆಲ್ಲ ಹೆಚ್ಚುತ್ತ ಅವಳ ಮುಖ ನೋಡುವುದಿಲ್ಲವೆಂದು ಹಟ ಹಿಡಿದು, ನೋಡುತ್ತಿದ್ದೆ. ಒಂದು ಕಡೆ ಅವಳು ಕಿಸಕ್ಕನೆ ನಕ್ಕಳು.

"ಅಕ್ಕ, ಈ ಕಥೇಲಿರೋ ಅತ್ತೆ ನಮ್ಮತ್ತೇನೇ ಅಲ್ವಾ?"

"ಏನೇ ಅದು ನನ್ನ ಸುದ್ದಿ?" ಒಳಗಿನಿಂದ ಅತ್ತೆಯ ದನಿ.

"ನಿಮ್ಮ ಥರಾನೇ ಒಬ್ರು ಕಣತ್ತೆ! ನಿಮ್ಮಷ್ಟು ಒಳ್ಳೇರಲ್ಲ!"

ಆಮೇಲೆ ದನಿ ಇಳಿಸಿ, "ನಂಗ್ಯಾಕೆ ಇದನ್ನ ಕೊಡ್ಲೇ ಇಲ್ಲ ನೀವು?" ಎಂದು ಕೇಳಿದಳು. ಊರಿಗೆಲ್ಲ ತಾಂಬೂಲದಲ್ಲಿ ಕೊಟ್ಟವಳು ಅವಳೊಬ್ಬಳಿಗೆ ಕೊಟ್ಟಿರಲಿಲ್ಲ. ಬೆಲ್ಲದ ಅಚ್ಚಿನ ಮೇಲೆ ಕತ್ತಿ ಇನ್ನಷ್ಟು ಜೋರಾಗಿ ಬಿತ್ತು.

"ಇದ್ರಲ್ಲಿ ನಿಮ್ಮ ಹೆಸರೆಲ್ಲಕ್ಕ?"

"ಹೆಸರ್ಯಾಕಮ್ಮ?"

"ಲೈಬ್ರರಿಗೆ ಬರೋ ಹೆಂಗಸ್ರು ಪುಸ್ತಕದ ಹೆಸರು ನೆನಪಿಟ್ಕಳಲ್ಲ ಕಣಕ್ಕ. 'ಅವರದು ಇನ್ನೊಂದು ಇದ್ರೆ ಕೊಡಿ' ಅಂತಾರೆ. ಯಾರದು ಅಂತ ಗೊತ್ತಿದ್ರೆ ತಾನೇ ಕೇಳೋದು?"

"ನಿನ್ನಂಗೆ ಚೀಲ ಹೊತ್ಕಂಡು ತಿರುಗಾಕೆ ನಂಗೆ ಬರಾಕಿಲ್ಲ."

ಮಾತು ಖಾರವಾಯಿತೆಂದು ಆಡಿದ ಮೇಲೆ ಗೊತ್ತಾಯಿತು. ಅವಳು ಹಾಳೆ ತಿರುವಿದಳು.

"ನಂಗೇನು ಬರ್ತಿತ್ತಾ ಅಕ್ಕ? ಮೊದಲ ದಿನ ಹೋಗಿ ನಿಂತಾಗ ಲೈಬ್ರರಿಯೋರು ತಲೆ ಎತ್ತಿ ನೋಡ್ಲಿಲ್ಲ. ಸೆರಗು ಹಿಂಡಿ ಹಿಂಡಿ ಸುಕ್ಕಾಗೋಗಿತ್ತು. ವಾಪಸ್ ತಂದ್ರೆ ನಿಮ್ಮ ಮೈದುನ ವರ್ಷಗಟ್ಲೆ ಆಡ್ಕಂತಾರಲ್ಲಾ ಅಂತ ಅಲ್ಲೇ ನಿಂತೆ."

ಜಗುಲಿಯ ಆ ತುದಿಯಲ್ಲಿ ಕೂತಿದ್ದ ಯಜಮಾನರು ಆಗ ಬಾಯಿಬಿಟ್ಟರು. "ಅಲ್ಲ ಕಣೇ, ಮಾರ್ಕು ಹಾಕ್ದೇ ಇರೋ ಚೀಲ ಮಂಡೀಲಿಟ್ರೆ ಯಾರ್ದು ಅಂತ ಹೆಂಗೆ ಹೇಳಾದು? ಕೊಬ್ಬರಿ ಎಷ್ಟೇ ಚೆಂದಾಗಿರ್ಲಿ, ಮುಂದಿನ ಸಲ ಕೊಳ್ಳೋನು ಯಾರನ್ನ ಹುಡುಕ್ಕಂಡು ಬತ್ತಾನೆ?"

ಎದ್ದುಹೋಗಿ ಒಂದು ಎಣ್ಣೆ ಡಬ್ಬದ ಮುಚ್ಚಳ ತಂದರು. ಕೊಬ್ಬರಿ ಚೀಲಕ್ಕೆ ಗುರುತು ಹಾಕುವ ತಗಡನ್ನು ಹೇಗೆ ಕೊರೆಯುತ್ತಾರೋ ಹಾಗೆ, ಸಣ್ಣ ಅಕ್ಷರಗಳಲ್ಲಿ ನನ್ನ ಹೆಸರು ಕೊರೆದರು. ಊರೂ ಇರಲೇಬೇಕೆಂದು ವಾರಗಿತ್ತಿ ಹಟ ಹಿಡಿದದ್ದಕ್ಕೆ ಊರು, ಹೋಬಳಿಯನ್ನೂ ಕೊರೆದರು. ಚೀಲದ ನೇರಳೆ ಮಸಿಯಲ್ಲಿ ಬ್ರಷ್ ಅದ್ದಿ, ಪ್ರತಿ ಪುಸ್ತಕದ ಮೊದಲ ಹಾಳೆಯ ಮೇಲೆ ತಗಡಿಟ್ಟು ಬಳಿದರು. ವಾರಗಿತ್ತಿ ಒಂದೊಂದಾಗಿ ತೆಗೆದು ಒಣಗಲು ಹರಡಿದಳು.

"ಭಾವ, ಹಂಗೇ ತೂಕಾನೂ ಬರ್ದುಬುಡಿ!" ಎಂದಳು.

ಅತ್ತೆಯೂ ನಕ್ಕರು. ನನ್ನ ಹೆಸರನ್ನು ಅಚ್ಚಿನ ಹಾಗೆ ಅಷ್ಟು ಕಡೆ ಒಟ್ಟಿಗೆ ನೋಡಿದ್ದು ನನಗೆ ಅದೇ ಮೊದಲು. ಸಂತೋಷವಾಗಬೇಕಿತ್ತು, ಅರ್ಧ ಆಯಿತು. ಉಳಿದರ್ಧದಲ್ಲಿ, ಇದು ಕೂಡ ಅವಳು ಬಂದ ಮೇಲೇ ಆಗಬೇಕಾಯಿತಲ್ಲ ಎಂಬ ಸಂಕಟ.

ಒಂದು ಕಟ್ಟನ್ನು ಅವಳೇ ಕೊಬ್ಬರಿಯ ಜೊತೆ ಬಸ್ಸಿಗೆ ಹಾಕಿಸಿಕೊಂಡು ಹೋದಳು. ಯುಗಾದಿಯವರೆಗೆ ನೋಡೋಣ, ಆಗಲೂ ಯಾರೂ ಕೇಳದಿದ್ದರೆ ಉಳಿದವು ಅಂಗಡಿಗೆ ಎಂದರು ಯಜಮಾನರು. ಕಟ್ಟುಗಳು ಜಗುಲಿಯಲ್ಲೇ ಉಳಿದವು. ಹೋಗುವಾಗ ಬರುವಾಗ ಸೀರೆಗೆ ತಗಲುತ್ತಿದ್ದವು. ತಿಪಟೂರಿಗೆ ಹೋಗಿಬಂದವರ ಕೈಲಿ ಅವಳು ಹೇಳಿ ಕಳಿಸುತ್ತಿದ್ದಳು, 'ಲೈಬ್ರರೀಲಿ ಅಕ್ಕನ ಪುಸ್ತಕ ಕೈಯಿಂದ ಕೈಗೆ ಹೋಗ್ತಾ ಐತೆ' ಎಂದು. ನಾನು ನಂಬಲಿಲ್ಲ. ಅವಳ ಮುಖ ನೋಡಿ ಒಯ್ದಿರುತ್ತಾರೆ, ಓದದೆ ತಂದಿಟ್ಟಿರುತ್ತಾರೆ ಎಂದುಕೊಂಡೆ. ನಂಬಿದರೆ ಅವಳಿಗೆ ಋಣಿಯಾಗಬೇಕಿತ್ತು.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ, ಒಂದು ದಿನ ಅಂಗಳದಲ್ಲಿ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದೆ. ಅಟ್ಟಕ್ಕೆ ಏಣಿ ಹಾಕಿ ಯಜಮಾನರು ಕಾಯಿ ಏರಿಸುತ್ತಿದ್ದರು. ಬಸ್ಸಿನ ಧೂಳು ಮೆತ್ತಿದ ಹೆಂಗಸೊಬ್ಬಳು ಬಂದು ಬೇಲಿಯ ಹತ್ತಿರ ನಿಂತಳು.

"ಇಲ್ಲಿ ಕಥೆ ಪುಸ್ತಕ ಬರೆಯೋ ಅಮ್ಮೋರ ಮನೆ ಯಾವುದು?"

ನಾನು ತಲೆ ಎತ್ತಲಿಲ್ಲ. "ಅವರು ಇಲ್ಲಿರಾಕಿಲ್ಲ ಕಣಮ್ಮ. ತಿಪಟೂರಾಗವ್ರೆ. ಬಸ್ಸಿಗೆ ಹೋಗು."

"ಇಲ್ಲೇ ಅಂತ ಬರ್ದೈತಲ್ಲಮ್ಮಾ?"

ಅವಳು ಪುಸ್ತಕ ಬಿಚ್ಚಿ ನನ್ನ ಕಣ್ಣ ಮುಂದೆ ಹಿಡಿದಳು. ನೇರಳೆ ಮಸಿ. ಸ್ವಲ್ಪ ಓರೆಯಾಗಿ ಬಿದ್ದ ನನ್ನ ಹೆಸರು, ನನ್ನೂರು.

ಸೌಟಿನ ಗಂಜಿ ಪಂಚೆಯ ಮೇಲೆ ಬೀಳದೆ ನನ್ನ ಕಾಲಿನ ಮೇಲೆ ಬಿತ್ತು.

ಅವಳದು ಕೆಂಕೆರೆ, ತವರು ತುರುವೇಕೆರೆ. ತಿಪಟೂರಿನಲ್ಲಿ ಬಸ್ಸು ಬದಲಿಸುವಾಗ ಲೈಬ್ರರಿಯಿಂದ ಒಯ್ದಿದ್ದಳಂತೆ. "ನಮ್ಮತ್ತೆಗೂ ಓದಿ ಹೇಳ್ದೆ ಕಣಮ್ಮ. 'ಇದ್ಯಾರೋ ನಮ್ಮನೆ ಕಿಟಕೀಲಿ ನಿಂತ್ಕಂಡು ಬರ್ದವ್ರೆ' ಅಂದ್ರು. ಇದನ್ನ ಲೈಬ್ರರಿಗೆ ವಾಪಸ್ ಕೊಡ್ಬೇಕಲ್ಲ, ನಂಗೊಂದು ಕೊಡಿ, ತಂಗಿಗೊಂದು ಕೊಡಿ. ಇದು ತಾಂಬೂಲಕ್ಕಲ್ಲ, ಮನೇಲಿಟ್ಕಳಾಕೆ."

ತಾಂಬೂಲದ ಮಾತು ಅವಳ ಬಾಯಿಗೆ ಹೇಗೆ ಬಂತೋ ಆ ಶಿವನಿಗೇ ಗೊತ್ತು. ಒಳಗೆ ಕರೆದು ನೀರು, ಬೆಲ್ಲ ಕೊಟ್ಟೆ. ಜಗುಲಿಯ ಕಟ್ಟು ಬಿಚ್ಚಿ ಎರಡು ಪುಸ್ತಕ ತೆಗೆದೆ. ಏಣಿಯ ಮೇಲಿದ್ದ ಯಜಮಾನರಿಗೆ ಎಲ್ಲ ಕೇಳಿಸಿತ್ತು.

"ಆ ಕಟ್ಟುಗಳು ಇರ್ಲಿ ಬುಡು" ಎಂದರು ಅಲ್ಲಿಂದಲೇ. "ಅಟ್ಟದಾಗೆ ಕಾಯೇ ಆ ಕಡಿಕೆ ಒತ್ತರಿಸ್ಕಂತವೆ."

ದಬ್ಬೇಘಟ್ಟದ ಅಂಗಡಿಯವನು ಪೊಟ್ಟಣಕ್ಕೆ ಬೇರೆ ಕಾಗದ ನೋಡಿಕೊಳ್ಳಬೇಕಾಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡೆ. ಆ ತಗಡಿನಲ್ಲಿ ಊರಿನ ಹೆಸರನ್ನೂ ಕೊರೆಸಲೇಬೇಕೆಂದು ಅವತ್ತು ಜಗುಲಿಯಲ್ಲಿ ಹಟ ಹಿಡಿದವಳು ಯಾರೆಂಬುದು ನೆನಪಿಗೆ ಬಂತು. ಬಂದದ್ದನ್ನು ತಳ್ಳಲಾಗಲಿಲ್ಲ.

ಆ ಹೆಂಗಸು ಹೊಸಿಲು ದಾಟಿದವಳು ಮತ್ತೆ ತಿರುಗಿದಳು. "ತಿಪಟೂರಿನ ಅಮ್ಮೋರು ನಿಮ್ಮ ವಾರಗಿತ್ತಿಯಂತಲ್ಲ, ಲೈಬ್ರರಿಯೋರು ಅಂದ್ರು. ಅವರ ಕಾದಂಬರಿ ನಿಮ್ಮನೇಲಿದ್ರೆ ಓದಾಕೆ ಕೊಡ್ತೀರಾ? ಲೈಬ್ರರೀಲಿ ಯಾವಾಗ ಕೇಳಿದ್ರೂ ಆಚೆ ಹೋಗೈತೆ ಅಂತಾರೆ."

ನೋಡಿ, ಅಷ್ಟು ಹೊತ್ತು ತಣ್ಣಗಿದ್ದ ಹೊಟ್ಟೆಯೊಳಗೆ ಮತ್ತೆ ಒಲೆ ಹತ್ತಿತು.

"ಐತೆ, ಆದ್ರೆ ಕೊಡಾಕಾಗಲ್ಲಮ್ಮ" ಎಂದೆ. "ನಾನಿನ್ನೂ ಓದಿ ಮುಗಿಸಿಲ್ಲ."

ಸುಳ್ಳು ಹೇಳಲಿಲ್ಲ. ಆ ಹುಡುಗಿಯನ್ನು ಗಂಡ ಮನೆಗೆ ಸೇರಿಸಿಕೊಳ್ಳುತ್ತಾನೋ ಇಲ್ಲವೋ ಎಂಬ ಜಾಗದಲ್ಲಿ ನಾನೂ ನಿಂತಿದ್ದೆ.

ಅವಳು ಬಸ್ಸಿಗೆ ಹೋದಳು. ಅಂಗಳದಲ್ಲಿ ಗಂಜಿ ಆರಿ ಗಟ್ಟಿಯಾಗುತ್ತಿತ್ತು, ಪಂಚೆಯ ಒಂದು ಮೂಲೆಯನ್ನು ಕಾಗೆ ಆಗಲೇ ನೋಡಿಕೊಂಡಿತ್ತು. ಅದನ್ನು ಓಡಿಸಿ, ಗಂಜಿಗೆ ಒಂದಿಷ್ಟು ಬಿಸಿನೀರು ಬೆರೆಸಿ ಕಲಸಿ, ಬಿಸಿಲು ಇಳಿಯುವ ಮೊದಲು ಉಳಿದ ಸಂಡಿಗೆ ಇಡಲು ಕೂತೆ.