ಕಿವಿಯಲ್ಲಿಟ್ಟ ಲಾವಂಚ

ಅತ್ತರು ಹಚ್ಚಿಕೊಳ್ಳುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಕಾಮಸಮುದ್ರದ ಕಡೆಯ ನಮ್ಮೂರಿಗೆ ಮದುವೆಗೆಂದು ಬರುತ್ತಿದ್ದ ಶೋಕಿಲಾಲರು ಎಷ್ಟು ಬಳಿದುಕೊಂಡಿರುತ್ತಿದ್ದರೆಂದರೆ ಪಾಯಸಕ್ಕೂ ಅದೇ ವಾಸನೆ ಹತ್ತುತ್ತಿತ್ತು. ಹಾಗಾಗಿ ನನ್ನನ್ನು ನೋಡಲು ಬಂದ ಗಂಡು ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡಿದ್ದು ಕಂಡೊಡನೆ ಮುಖ ಗಂಟಿಕ್ಕಿದೆ. ತಾಂಬೂಲದ ತಟ್ಟೆ ಹಿಡಿದು ಬಗ್ಗಿದಾಗಲಷ್ಟೇ ಅದರ ಪರಿಮಳ ತಿಳಿದದ್ದು. ಲಾವಂಚ. ಬೇಸಿಗೆಯಲ್ಲಿ ಅಜ್ಜಿ ನೀರಿನ ಮಡಕೆಗೆ ಹಾಕುತ್ತಿದ್ದ ಬೇರಿನ ತಣ್ಣನೆಯ ವಾಸನೆ. ಒಪ್ಪಿಗೆಯೇ ಎಂದು ಕೇಳಿದಾಗ ತಲೆಯಾಡಿಸಿಬಿಟ್ಟೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಡನ ಮನೆ ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ. ಹೊಲವಿದ್ದರೂ ಯಜಮಾನರು ಬೆಳಗಿನ ರೈಲಿಗೆ ಚಾಂಪಿಯನ್ ರೀಫ್ಸಿಗೆ ಹೋಗಿ, ಚಿನ್ನದ ಗಣಿಯೊಳಗೆ ಇಳಿದು, ಸಂಜೆ ರೈಲಿಗೆ ಮರಳುತ್ತಿದ್ದರು. ಸೀಗೆಪುಡಿ ಎರಡು ಸಲ ಉಜ್ಜಿದರೂ ಮೈಯಿಂದ ಸಿಡಿಮದ್ದಿನ ಹೊಗೆ ವಾಸನೆ ಹೋಗುತ್ತಿರಲಿಲ್ಲ. ಭಾನುವಾರ ಮಾತ್ರ ಸಂತೆಯ ಅತ್ತರ್ ಸಾಬರಿಂದ ತಂದ ಸಣ್ಣ ಸೀಸೆ ತೆಗೆದು, ಹತ್ತಿಗೆ ಒಂದು ತೊಟ್ಟು ಮುಟ್ಟಿಸಿ ಕಿವಿಗಿಟ್ಟುಕೊಳ್ಳುತ್ತಿದ್ದರು. ಮಿಕ್ಕ ಆರು ದಿನ ಸೀಸೆ ಗೂಡಿನಲ್ಲೇ. ಯಾಕೆಂದು ನಾನು ಕೇಳಲಿಲ್ಲ, ಜಿಪುಣತನ ಅಂದುಕೊಂಡೆ.

ಮದುವೆಯಾಗಿ ಮೂರನೇ ತಿಂಗಳು ಒಂದು ಭಾನುವಾರ, ಸಾರಿಗೆ ಉಪ್ಪು ಹೆಚ್ಚಾಯಿತು ಅಂದರು. ನಾನು ದಿನವಿಡೀ ಮಾತು ಬಿಟ್ಟೆ. ಮಾರನೆಯ ಬೆಳಗ್ಗೆ ಎದ್ದಾಗ ಪಾಪ ಅನ್ನಿಸಿತು. ಆದರೆ ತಪ್ಪಾಯಿತು ಅನ್ನಲು ನನ್ನ ನಾಲಗೆ ಹೊರಳುವುದಿಲ್ಲ. ಬುತ್ತಿ ಕೊಡುವಾಗ ಹತ್ತಿಗೆ ಅತ್ತರು ಮುಟ್ಟಿಸಿ ನಾನೇ ಅವರ ಕಿವಿಗಿಟ್ಟೆ. ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನೆ ಹೊರಟರು.

ಸಂಜೆ ರೈಲಿಗೆ ಅವರು ಬರಲಿಲ್ಲ. ಜೊತೆಗೆ ಕೆಲಸಕ್ಕೆ ಹೋಗುತ್ತಿದ್ದ ನೆಂಟರೊಬ್ಬರು ಬಂದು, ಕಿವಿಯಲ್ಲಿ ಹತ್ತಿ ಸಿಕ್ಕಿತೆಂದು ಗಣಿಯ ಕಾವಲಿನವರು ಹಿಡಿದು ಕೂರಿಸಿದ್ದಾರೆ ಅಂದರು. ಅತ್ತೆ ನನ್ನ ಕಡೆ ತಿರುಗಿದರು. ಗಣಿಯಿಂದ ಮೇಲೆ ಬಂದವರ ಬಾಯಿ, ಕೂದಲು, ಕಿವಿ ಎಲ್ಲ ತಡಕುತ್ತಾರಂತೆ. ಹತ್ತಿಯಲ್ಲಿ ಚಿನ್ನದ ಪುಡಿ ಅಡಗಿಸಿ ತರುವವರೂ ಉಂಟಂತೆ. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಕಳ್ಳನೆಂಬ ಹೆಸರೂ ಬಂತು.

"ಅಡಿಕೆಗೋದ ಮಾನ ಆನೆ ಕೊಟ್ರೂ ಬರಲ್ಲ ಕಣಮ್ಮ," ಅಂದರು ಅತ್ತೆ.

ಬೈದಿದ್ದರೆ ವಾಸಿಯಿತ್ತು. ಜಗುಲಿಯಲ್ಲಿ ಕೂತು, ಅವರೊಬ್ಬರು ನೆಟ್ಟಗೆ ಮನೆಗೆ ಬರಲಿ, ಇನ್ನೆಂದೂ ಉಪ್ಪಿನ ಮಾತಿಗೆ ಸಿಟ್ಟಾಗುವುದಿಲ್ಲ ಎಂದು ಮನೆದೇವರಿಗೆ ಹರಕೆ ಹೊತ್ತೆ. ಆ ಹರಕೆಯನ್ನು ನಾನು ತೀರಿಸಲಿಲ್ಲ, ಅದು ಬೇರೆ ಮಾತು.

ದೀಪ ಹಚ್ಚುವ ಹೊತ್ತಿಗೆ, ಮುಂದಿನ ರೈಲಿಗೆ ಬಂದರು. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ, ನೀರಿನಲ್ಲಿ ಅದ್ದಿ ನೋಡಿದರಂತೆ. ಏನೂ ಸಿಗಲಿಲ್ಲ. ಯಾರಿಟ್ಟರೆಂದು ಕೇಳಿದ್ದಕ್ಕೆ, ಅಷ್ಟು ಜನರ ಮುಂದೆ ಹೆಂಡತಿ ಅನ್ನಬೇಕಾಯಿತಂತೆ. ಹಿರಿಯ ಕಾವಲುಗಾರ ಹತ್ತಿ ಮೂಸಿ, ನಕ್ಕು, ಮನೆಗೆ ಹೋಗಪ್ಪ ಎಂದು ತಮಿಳಿನಲ್ಲಿ ಹೇಳಿ ಬಿಟ್ಟನಂತೆ.

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಗೊತ್ತಿದ್ದೂ ದಾರಿಯಲ್ಲೇ ತೆಗೆದು ಎಸೆಯಬಾರದಿತ್ತೇ ಎಂದು ಕೇಳಿದೆ.

"ಬಿಸಾಕಾನ ಅಂತ ಟೇಸನ್ನಾಗೆ ಕಿವಿಗೆ ಕೈ ಆಕ್ದೆ," ಅಂದರು. "ನೀನು ಮಾತು ಬಿಟ್ಟ ಮ್ಯಾಲೆ ನಂಗೆ ಕೊಟ್ಟಿದ್ದು ಅದೊಂದೇ ಕಣೆ. ಮನ್ಸು ಬರ್ಲಿಲ್ಲ."

ಜೇಬಿನಿಂದ ತೆಗೆದು ನನ್ನ ಅಂಗೈಗಿಟ್ಟರು. ಚಿಂದಿಯಾಗಿ ಒದ್ದೆಯಾದ ಹತ್ತಿ. ಮೂಗಿಗೆ ಹಿಡಿದೆ, ಇನ್ನೂ ಲಾವಂಚದ ವಾಸನೆಯಿತ್ತು.

ಅವತ್ತು ತಪ್ಪಾಯಿತು ಅಂದೆ.