ಬಂದರಿನಲ್ಲಿ ಹಟ ಹಿಡಿಯುವ ಕಾರು

ಕಾಗಾಲದ ಬೆಳ್ಳಿ ಹಳೆಯ ಕಾರಿನಲ್ಲಿ ಮೀನು ಹೇರಿಕೊಂಡು ಮಾರುವವಳು. ಕಾರು ಮನೆಯಲ್ಲಿ ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು. ಹೊನ್ನಾವರ ಬಂದರಿನಲ್ಲಿ ಮಾತ್ರ ಕೆಲವು ದಿನ ಮಿಸುಕುತ್ತಿರಲಿಲ್ಲ. ಗ್ಯಾರೇಜಿನವರಿಗೆ ಏನೂ ಸಿಗಲಿಲ್ಲ. ಕೈಕೊಟ್ಟಾಗಲೆಲ್ಲ ಕರೆಯದೆಯೇ ಓಡಿಬಂದು ದೂಡುತ್ತಿದ್ದವನು ಇನ್ನೊಬ್ಬ ಮೀನು ವ್ಯಾಪಾರಿ ರಾಜೀವ. ಇದು ಅವನದೇ ಕೈವಾಡವೆಂದು ಬೆಳ್ಳಿಗೆ ಗುಮಾನಿ.

ಒಂದು ಬೆಳಿಗ್ಗೆ ಅವಳು ಮೀನಿನ ಪೆಟ್ಟಿಗೆಗಳ ಮರೆಯಲ್ಲಿ ನಿಂತು ಕಾರಿನ ಮೇಲೇ ಕಣ್ಣಿಟ್ಟಳು. ರಾಜೀವ ಹತ್ತಿರ ಸುಳಿಯಲಿಲ್ಲ. ಆದರೂ ಕಾರು ಹಟ ಹಿಡಿಯಿತು. ಬಾನೆಟ್ ಎತ್ತಿ ತಂತಿಗಳನ್ನು ಒಂದೊಂದಾಗಿ ಅಲುಗಿಸಿದಳು. ಕಿಲುಬು ಹಿಡಿದ ಬ್ಯಾಟರಿಯ ತಂತಿ ಬಂದರಿನ ಹೊಂಡದ ರಸ್ತೆಯಲ್ಲಿ ಕುಲುಕಿ ಸಡಿಲಾಗಿತ್ತು.

"ಎಂತಾತು ಬೆಳ್ಳಕ್ಕ, ದೂಡ್ಬೇಕಾ?" ರಾಜೀವ ಓಡಿಬಂದ.

"ಬೇಡ. ನಾ ತಂತಿ ಒತ್ತಿ ಹಿಡೀತೆ, ನೀ ಚಾವಿ ತಿರುಗ್ಸು."

ಚಾವಿ ಕೊಡುವಾಗ ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಕಾರು ಚಾಲೂ ಆಯಿತು.